ಸೊನ್ನೆ ನಂಬರಿನ ಗಾಡಿ

“ಮೇಲಿನ ಗುಂಡಿ ಹಾಕಬೇಡಿ ಅಕ್ಕಾ.”

ಅಪ್ಪನ ಅಂಗಿಯ ಕುತ್ತಿಗೆ ಗುಂಡಿಯನ್ನು ಕಾಜದೊಳಗೆ ತೂರಿಸುತ್ತಿದ್ದ ಮಗಳ ಬೆರಳುಗಳು ಅಲ್ಲೇ ನಿಂತವು. ಯಾರು ಅಂತ ತಿರುಗಿ ನೋಡಬೇಕಾದ ಅಗತ್ಯವೇನೂ ಇರಲಿಲ್ಲ. ಸತ್ತವನ ಗುಂಡಿಯ ವಿಷಯದಲ್ಲೂ ತನಗೆ ಬುದ್ಧಿ ಹೇಳುವ ಧೈರ್ಯ ಇದ್ದವಳು ಒಬ್ಬಳೇ.

“ಯಾಕೆ ಬೇಡ?” ಅಂದಳು, ಬೆನ್ನು ತೋರಿಸಿಕೊಂಡೇ.

“ಕತ್ತು ಹಿಡಿದ ಹಾಗಾಗುತ್ತೆ ಅನ್ನೋರು. ಶೆಡ್ಡಲ್ಲಿ ಯಾವತ್ತೂ ಹಾಕ್ತಿರಲಿಲ್ಲ.”

“ಇದು ಶೆಡ್ಡಲ್ಲ, ಮನೆ. ಮನೇಲಿ ಹಾಕ್ತಿದ್ರು.”

ಹಸಿ ಸುಳ್ಳು. ಮನೆಯಲ್ಲಿ ಅಪ್ಪ ಆ ಗುಂಡಿ ಹಾಕುತ್ತಿದ್ದನೋ ಬಿಡುತ್ತಿದ್ದನೋ ಅವಳಿಗೆ ನೆನಪೇ ಇರಲಿಲ್ಲ. ನಲವತ್ತಮೂರು ವರ್ಷ ಕಂಡ ಕುತ್ತಿಗೆ. ಅದರ ಮೇಲೆ ತಾನು ದರ್ಜಿ. ಅರ್ಧ ಊರಿನ ಕುತ್ತಿಗೆಯ ಅಳತೆಯನ್ನು ಟೇಪು ಮುಟ್ಟದೆ ಹೇಳುವವಳು. ಸ್ವಂತ ಅಪ್ಪನ ಒಂದು ಗುಂಡಿಯ ಸಂಗತಿ ಗೊತ್ತಿಲ್ಲ ಅಂದರೆ ಏನು ಹೇಳುವುದು! ಆ ಸಿಟ್ಟಿಗೇ ಗುಂಡಿಯನ್ನು ಹಾಕಿಯೇ ಹಾಕಿದಳು.

ಬಾಗಿಲಲ್ಲಿ ನಿಂತವಳಿಗೆ ಮೂವತ್ತು ವರ್ಷ. ಟ್ಯಾಕ್ಸಿ ಡ್ರೈವರುಗಳೆಲ್ಲ ಅವಳನ್ನು ಇಕ್ಕಳ ಅಂತಲೇ ಕರೆಯುತ್ತಿದ್ದರು, ಹಿಡಿದದ್ದನ್ನು ಬಿಡದ ಕೈ ಅಂತ. ಹನ್ನೊಂದು ವರ್ಷದಿಂದ ಅಪ್ಪನ ಶಿಷ್ಯೆ. ಅಪ್ಪನ ಕೆಲಸ ಅಂದರೆ ಗಾಡಿಗಳಿಗೆ ರೇಡಿಯೋ ಸೆಟ್ಟು ಕೂರಿಸುವುದು. ಹಾಡು ಕೇಳುವ ರೇಡಿಯೋ ಅಲ್ಲ, ಡ್ರೈವರು ಮೈಕು ಹಿಡಿದು ಕಂಟ್ರೋಲ್ ರೂಮಿನ ಜೊತೆ ಮಾತಾಡುವಂಥದ್ದು. ಸ್ಟ್ಯಾಂಡಿನ ಇಪ್ಪತ್ತೆರಡು ಟ್ಯಾಕ್ಸಿಗೂ ಸೆಟ್ಟು ಕೂರಿಸಿ, ನೆತ್ತಿಯ ಮೇಲೆ ಏರಿಯಲ್ ನಿಲ್ಲಿಸಿ, ಅವು ಗೊರಗೊರ ಅನ್ನದ ಹಾಗೆ ನಲವತ್ತು ವರ್ಷ ಸಾಕಿದವನು ಅವನು. ಎಲ್ಲರಿಗೂ ಮೇಸ್ತ್ರಿ.

ಇಕ್ಕಳ ಈಗ ಅಳುತ್ತಿರಲಿಲ್ಲ, ಆದರೆ ಅತ್ತು ಮುಗಿಸಿದ ಮುಖ ಅದು. ಅದನ್ನು ಕಂಡೇ ಮಗಳ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ತನಗಿನ್ನೂ ಒಂದು ಹನಿ ಬಂದಿರಲಿಲ್ಲ. ಮೂರು ದಿನದಿಂದ ಆಸ್ಪತ್ರೆ, ಕಾಗದ, ಸಹಿ, ಫೋನು ಅಂತ ಓಡಾಡಿ ಅಳುವುದಕ್ಕೆ ಪುರುಸೊತ್ತು ಎಲ್ಲಿತ್ತು? ಈ ಮಹಾರಾಯಿತಿ ಮಾತ್ರ ನೆಮ್ಮದಿಯಾಗಿ ಕೂತು ಅತ್ತು, ಮುಖ ತೊಳೆದುಕೊಂಡು ಬಂದಿದ್ದಾಳೆ. ಸಾಲದ್ದಕ್ಕೆ ಮೈಮೇಲೆ ಆ ಕೋಟು ಬೇರೆ.

*

ಆ ಕೋಟು ಹೊಲಿದವಳು ಮಗಳೇ. ಅಪ್ಪ ಕೆಲಸಕ್ಕೆ ಹಾಕಿಕೊಳ್ಳಲಿ ಅಂತ ದಪ್ಪ ಖಾಕಿ ಬಟ್ಟೆ ತಂದು, ಅವನ ಹಳೆಯ ಅಂಗಿಯೊಂದನ್ನು ಕದ್ದು ಅಳತೆ ತೆಗೆದು, ಎಂಟು ಜೇಬು ಇಟ್ಟು ಹೊಲಿದಿದ್ದಳು. ಟೆಸ್ಟರಿಗೊಂದು, ಮೀಟರಿಗೊಂದು, ಕನ್ನಡಕಕ್ಕೊಂದು, ಎಲ್ಲಿಟ್ಟೆ ಅಂತ ಅವನು ದಿನಾ ಹುಡುಕುವ ಪೆನ್ಸಿಲ್ಲಿಗೊಂದು. ಒಳಗಿನ ಹೊಲಿಗೆಯ ಒಂದು ದಾರವೂ ಆಚೆ ಕಾಣದ ಹಾಗೆ ಅಂಚು ಮಡಿಸಿದ್ದಳು. ಅಪ್ಪ ತೊಟ್ಟುಕೊಂಡು ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿ, “ಭೇಷ್,” ಅಂದಿದ್ದ. ಅವನ ಬಾಯಿಂದ ಭೇಷ್ ಬೀಳಬೇಕಾದರೆ ಸಾಮಾನ್ಯವಲ್ಲ.

ಒಂದು ವಾರ ಆಗಿತ್ತು ಅಷ್ಟೆ. ಶೆಡ್ಡಿನ ಮುಂದೆ ಹಾದು ಹೋಗುವಾಗ ನೋಡುತ್ತಾಳೆ, ಕೋಟು ಹೊಸದಾಗಿ ಬಂದ ಹುಡುಗಿಯ ಮೈಮೇಲಿದೆ. ತೋಳು ಎರಡು ಮಡಿಕೆ ಮಡಚಿದೆ. ಅವಳೂ ಅಪ್ಪನೂ ಒಂದು ಟ್ಯಾಕ್ಸಿಯ ಮುಂದಿನ ಸೀಟಿನಲ್ಲಿ ಕೂತು, ಎರಡು ತಲೆಯನ್ನೂ ಒಂದೇ ಸೆಟ್ಟಿಗೆ ಹಚ್ಚಿದ್ದಾರೆ.

“ಈಗ ಕೇಳಿಸ್ತಾ ಮಗಾ?” ಅನ್ನುತ್ತಿದ್ದ ಅಪ್ಪ.

ಮಗಾ! ಬೀದಿಯಲ್ಲಿ ಯಾರು ಯಾರಿಗೆ ಬೇಕಾದರೂ ಅನ್ನುವ ಮಾತು, ಒಪ್ಪೋಣ. ಆದರೆ ಹೆತ್ತ ಮಗಳನ್ನು ಅಪ್ಪ ಕರೆಯುತ್ತಿದ್ದದ್ದು ‘ಇವಳೇ’ ಅಂತ.

ಸಂಜೆ ಕೇಳಿದರೆ, “ಪಾಪ, ಅವಳ ಬಟ್ಟೆ ಮೇಲೆ ಬ್ಯಾಟರಿ ಆಸಿಡ್ ಚೆಲ್ಲಿಬಿಡ್ತು ಕಣೇ, ಬೇರೆ ಇರಲಿಲ್ಲ,” ಅಂದ. “ನಂಗೆ ನೀನು ಇನ್ನೊಂದು ಹೊಲಿದುಕೊಡ್ತೀಯಲ್ಲ.”

ಅವಳು ಹೊಲಿದುಕೊಡಲಿಲ್ಲ. ಅವನೂ ಮತ್ತೆ ಕೇಳಲಿಲ್ಲ. ಎರಡನೇ ಸಲ ಕೇಳುವ ಜಾತಿಯ ಮನುಷ್ಯ ಅಲ್ಲ ಅವನು.

*

ಅಂಗಳದಲ್ಲಿ ಅಪ್ಪನ ವ್ಯಾನು ನಿಂತಿತ್ತು. ಅದು ಟ್ಯಾಕ್ಸಿ ಅಲ್ಲವಾದ್ದರಿಂದ ಅದಕ್ಕೊಂದು ನಂಬರು ಅಂತ ಇರಲಿಲ್ಲ. ಸೆಟ್ಟು ಪರೀಕ್ಷೆ ಮಾಡುವಾಗ ಕರೆಯುವುದಕ್ಕೊಂದು ಹೆಸರು ಬೇಕಲ್ಲ ಅಂತ ಕಂಟ್ರೋಲ್ ರೂಮಿನವರು ಸೊನ್ನೆ ಅಂತ ಇಟ್ಟಿದ್ದರು. “ನಲವತ್ತು ವರ್ಷ ದುಡಿದು ಸೊನ್ನೆ ಆದೆ,” ಅಂತ ಅಪ್ಪ ನಗಾಡುತ್ತಿದ್ದ.

ಮೊದಲು ಆ ವ್ಯಾನು ನೋಡಲಿಕ್ಕೆ ಕಜ್ಜಿ ಹಿಡಿದ ಹಾಗಿತ್ತು. ಎಲ್ಲಿ ನೋಡಿದರಲ್ಲಿ ಬಣ್ಣ ಕೆರೆದ ಗುರುತು. ಈಗ ನೋಡಬೇಕು ಅದನ್ನ! ನೆತ್ತಿಯಿಂದ ಚಕ್ರದವರೆಗೆ ಕೆನೆ ಬಣ್ಣ ಮಿರಮಿರ ಮಿಂಚುತ್ತಿತ್ತು. ಹೋದ ತಿಂಗಳು ಡಾಕ್ಟರು, ಇನ್ನೇನು ಮನೆಗೆ ಕಳಿಸ್ತೀವಿ ಅಂದಾಗ ಮಗಳು ಹೊಡೆಸಿದ ಬಣ್ಣ ಅದು. ಅಪ್ಪ ಬಾಗಿಲಲ್ಲಿ ಇಳಿದಾಗ ಎದುರಿಗೆ ಹೊಸ ಗಾಡಿ ಕಾಣಬೇಕು ಅಂತ ಆಸೆ. ಇಕ್ಕಳಕ್ಕೆ ಸುಳಿವು ಕೂಡ ಕೊಟ್ಟಿರಲಿಲ್ಲ. ಇದೊಂದಾದರೂ ತನ್ನ ಕೈಯಿಂದಲೇ ಆಗಲಿ ಅಂತ ಬಣ್ಣದವನ ಪಕ್ಕದಲ್ಲಿ ಐದು ದಿನ ನಿಂತಿದ್ದಳು. ಅಪ್ಪ ಅದನ್ನು ನೋಡಲೇ ಇಲ್ಲ.

ಅಂಗಳದ ತುಂಬ ಡ್ರೈವರುಗಳು. ಅವರ ನಡುವೆ ಎಲ್ಲರಿಗಿಂತ ಹಳಬ, ಹನ್ನೆರಡನೇ ನಂಬರಿನ ಟ್ಯಾಕ್ಸಿಯವನು, ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸುತ್ತಿದ್ದ. ಅವನ ನಿಜವಾದ ಹೆಸರು ಅವನಿಗೇ ಮರೆತಿರಬೇಕು. ಮನೆಯಲ್ಲಿ ಹೆಂಡತಿಯೂ ‘ಹನ್ನೆರಡು ಊಟಕ್ಕೆ ಬಂದ್ರಾ’ ಅಂತಲೇ ಕೇಳುತ್ತಿದ್ದಳಂತೆ.

“ನೋಡಮ್ಮಾ, ಹೀಗೆ ಮಾಡೋಣ,” ಅಂದ ಮಗಳಿಗೆ. “ಮೇಸ್ತ್ರಿ ಸೊನ್ನೇಲಿ ಮುಂದೆ. ನಾನು ಓಡಿಸ್ತೀನಿ. ನನ್ನ ಟ್ಯಾಕ್ಸಿ ಅಳಿಯ ತರ್ತಾನೆ. ಹಿಂದೆ ನಾವು ಇಪ್ಪತ್ತೆರಡೂ ಸಾಲಾಗಿ. ಹನ್ನೊಂದು ಗಂಟೆಗೆ ಗೇಟು ದಾಟ್ತಿದ್ದ ಹಾಗೆ ಕಂಟ್ರೋಲಮ್ಮ ಸೊನ್ನೇನ ಕರೀತಾಳೆ. ಕೊನೇ ಸಲ. ಆಗ ಸೊನ್ನೆ ಒಳಗಿಂದ ಯಾರಾದ್ರೂ ‘ಸೊನ್ನೆ ಹೊರಟಿದೆ’ ಅನ್ನಬೇಕು. ಎಲ್ಲಾ ಗಾಡೀಲೂ ಕೇಳುತ್ತೆ. ಆಮೇಲೆ ಆ ನಂಬರು ಇನ್ಯಾರಿಗೂ ಕೊಡಲ್ಲ.”

“ಯಾರು ಅನ್ನೋದು?”

ಹನ್ನೆರಡು ಒಂದು ಕ್ಷಣವೂ ಯೋಚಿಸಲಿಲ್ಲ. “ಇಕ್ಕಳ ಅನ್ನಲಿ.”

“ಯಾಕೆ ಮಾಮ? ನಾನೂ ಸತ್ತಿದ್ದೀನಾ?”

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅಮ್ಮ, “ಇವತ್ತೂ ಶುರು ಮಾಡಿದ್ಯಾ,” ಅಂತ ಹಣೆ ಒತ್ತಿಕೊಂಡಳು.

“ಅಯ್ಯೋ, ಹಾಗಲ್ಲ ಕಣಮ್ಮಾ,” ಹನ್ನೆರಡು ತಡವರಿಸಿದ. “ಅವಳಿಗೆ ಸೆಟ್ಟು ಅಭ್ಯಾಸ ಇದೆ ಅಂತ...”

“ಬಟನ್ ಒತ್ತಿ ಎರಡು ಮಾತು ಆಡೋಕೆ ಎಷ್ಟು ಅಭ್ಯಾಸ ಬೇಕು? ಅವರು ನನ್ನಪ್ಪ. ನಾನೇ ಅಂತೀನಿ.”

“ಅಕ್ಕನೇ ಅನ್ನಲಿ,” ಅಂದಳು ಇಕ್ಕಳ, ಮೆಲ್ಲಗೆ.

ಅವಳು ಜಗಳಕ್ಕೆ ನಿಂತಿದ್ದರೆ ಎಷ್ಟೋ ವಾಸಿಯಿತ್ತು. ಹಾಗೆ ಸಲೀಸಾಗಿ ಬಿಟ್ಟುಕೊಟ್ಟದ್ದು ಮಗಳಿಗೆ ಇನ್ನಷ್ಟು ಉರಿಯಿತು. ತನ್ನ ಅಪ್ಪನನ್ನು ತನಗೇ ದಾನ ಮಾಡುವುದಕ್ಕೆ ಇವಳ್ಯಾರು?

ಒಂದು ಸಲ ನೋಡೇಬಿಡೋಣ ಅಂತ ಹನ್ನೆರಡು ವ್ಯಾನು ಹತ್ತಿ ಎಂಜಿನ್ನು ಚಾಲೂ ಮಾಡಿ ಸೆಟ್ಟು ಹಾಕಿದ. ಕುಯ್ಯ್ ಅಂತ ಶುರುವಾಯಿತು ಸದ್ದು. ಆಕ್ಸಿಲರೇಟರು ಒತ್ತಿದಷ್ಟೂ ಏರುತ್ತಾ ಏರುತ್ತಾ ಕಿವಿ ಕೊರೆಯಿತು. ಅದರ ಅಡಿಯಲ್ಲೆಲ್ಲೋ ಒಬ್ಬ ಹೆಂಗಸು ಮಾತಾಡುತ್ತಿರುವ ಹಾಗಿತ್ತು. ಹನ್ನೆರಡು ಮೈಕು ಹಿಡಿದು ‘ಹಲೋ, ಸೊನ್ನೆ’ ಅಂದು ಬಿಟ್ಟ. ಮರುಕ್ಷಣ ಅವನ ಜೇಬಿನ ಫೋನು ಬಡಿದುಕೊಂಡಿತು. ಕಂಟ್ರೋಲಮ್ಮ. ಅವಳ ದನಿಗೆ ಫೋನು ಬೇಕಾಗಿರಲಿಲ್ಲ, ಅಂಗಳಕ್ಕೆಲ್ಲ ಕೇಳಿಸಿತು.

“ಏನ್ರೀ ಅದು ಊಳಿಡ್ತಾ ಇರೋದು? ಸೊನ್ನೆಯಿಂದ ಈ ಸದ್ದಾ? ಇಷ್ಟು ವರ್ಷದಲ್ಲಿ ಒಂದು ದಿನ ಕೇಳಿಲ್ಲ ನಾನು. ಇದರಲ್ಲಾ ಮೇಸ್ತ್ರಿನ ಕಳಿಸಿಕೊಡೋದು? ಮಾನ ಹೋಗುತ್ತೆ!”

ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಕ್ಕಳ ಮಾತ್ರ ಕೆನೆ ಬಣ್ಣವನ್ನು ನೋಡಿದಳು. ಬಾನೆಟ್ಟಿನ ಅಂಚು, ನೆತ್ತಿಯ ಏರಿಯಲ್ಲಿನ ಬುಡ, ಡ್ಯಾಶ್‌ಬೋರ್ಡಿನ ಕೆಳಗೆ ಸೆಟ್ಟು ಕೂತ ಜಾಗ, ಒಂದೊಂದಾಗಿ ನೋಡಿದಳು. ಏನೋ ಹೇಳಲು ಬಾಯಿ ತೆರೆದು, ಮಗಳ ಮುಖ ಕಂಡು ಮುಚ್ಚಿಕೊಂಡಳು. ಸುಮ್ಮನೆ ಹೋಗಿ ಸಾಮಾನಿನ ಚೀಲ ತಂದಳು.

“ಮುಟ್ಟಬೇಡ,” ಅಂದಳು ಮಗಳು.

“ಅಕ್ಕಾ, ಇನ್ನು ಮುಕ್ಕಾಲು ಗಂಟೆ ಇದೆ ಅಷ್ಟೆ...”

“ನಂಗೂ ಬರುತ್ತೆ. ನೀನು ಹುಟ್ಟೋಕೆ ಮುಂಚೆ ಕಲಿತಿದ್ದೀನಿ.”

ಅದು ಮಾತ್ರ ಸುಳ್ಳಲ್ಲ.

*

ಹನ್ನೆರಡು ವರ್ಷದವಳಿದ್ದಾಗ ನಾಲ್ಕು ತಿಂಗಳು, ಭಾನುವಾರ ಭಾನುವಾರ ಅವಳು ಅಪ್ಪನ ಜೊತೆ ಶೆಡ್ಡಿಗೆ ಹೋಗಿದ್ದಳು. ವೈರು ಸುಲಿಯುವುದು, ಬೆಸುಗೆ ಹಾಕುವುದು, ಯಾವ ಬೋಲ್ಟಿಗೆ ಯಾವ ಸ್ಪ್ಯಾನರು, ಎಲ್ಲ ಕಲಿತಳು. ಅಪ್ಪ ಹೆಚ್ಚು ಮಾತಿನವನಲ್ಲ. ಒಂದು ಸಲ ಮಾತ್ರ ಅವಳನ್ನು ಬಾನೆಟ್ಟಿನ ಮೇಲೆ ಕೂರಿಸಿ ಹೇಳಿದ್ದ.

“ಸೆಟ್ಟನ್ನ ಗಾಡಿ ಮೈಗೆ ಕಟ್ಟಬೇಕು. ಎಲ್ಲಕ್ಕಿಂತ ಅದು ದೊಡ್ಡದು. ಮೈಗೆ ಕಟ್ಟಲಿಲ್ಲ ಅನ್ನು, ಅದು ಅನಾಥ ಆಗಿ ಊಳಿಡುತ್ತೆ. ಎಂಜಿನ್ನಿನ ಗೋಳೆಲ್ಲ ಅದರ ಕಿವೀಲೇ.”

ಮೈಗೆ ಕಟ್ಟೋದು. ಅವಳಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಸ್ಕೂಲಿನಲ್ಲಿ ಗೆಳತಿಯರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಆಮೇಲೆ ಒಂದು ಭಾನುವಾರ ಅಪ್ಪ ಇಡೀ ಟ್ಯಾಕ್ಸಿಯನ್ನು ಅವಳ ಕೈಗೆ ಬಿಟ್ಟ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅವಳೊಬ್ಬಳೇ ಮಾಡಿದಳು. ವೈರುಗಳನ್ನು ಒಂದರ ಪಕ್ಕ ಒಂದು ಜೋಡಿಸಿ, ಎರಡೆರಡು ಬೆರಳಿಗೊಂದರಂತೆ ಮೇಣದ ದಾರದ ಗಂಟು ಹಾಕಿದಳು. ಸೆಟ್ಟಿನ ಪಟ್ಟಿಯನ್ನು ಬೋಲ್ಟು ಹಾಕಿ ಬಿಗಿದಳು. ಕೆಳಗಿನ ತಗಡಿಗೆ ಕೈಗುರುತು ಬೀಳಬಾರದು ಅಂತ ಫ್ರಾಕಿನ ಅಂಚಿನಿಂದ ಒರೆಸಿ ಹೊಳೆಯಿಸಿದಳು. ಟ್ಯಾಕ್ಸಿಯವನು ಬಾಡಿಗೆ ತಪ್ಪುತ್ತೆ ಅಂತ ಆಚೆಯಿಂದ ಕಿಟಕಿಯೊಳಗೆ ಕೈ ಹಾಕಿ ಹಾರ್ನು ಹೊಡೆದೇ ಹೊಡೆದ.

ಅಪ್ಪ ಬಂದು ಮೊಣಕಾಲೂರಿ ಕೂತ. ಮೀಟರಿನ ಒಂದು ಕಡ್ಡಿ ಸೆಟ್ಟಿಗೆ, ಇನ್ನೊಂದು ಕಡ್ಡಿ ಬಾಗಿಲ ಕೀಲಿಗೆ ಹಿಡಿದ. ಮುಳ್ಳು ನೋಡಿದ. ಅವಳು ಪಕ್ಕದಲ್ಲೇ ನಿಂತಿದ್ದಳು.

“ಇದಕ್ಕೆ ಅರ್ಥಿಲ್ಲ,” ಅಂದ.

ಅಷ್ಟೇ. ತಲೆ ಎತ್ತಲಿಲ್ಲ. ಸ್ಪ್ಯಾನರಿಗೆ ಕೈ ಚಾಚಿದ.

ಅವಳು ಅಲ್ಲಿಂದ ನೆಟ್ಟಗೆ ಮನೆಗೆ ನಡೆದಳು. ಹೊಟ್ಟೆನೋವು ಅಂತ ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು. ಅರ್ಥ ಇಲ್ಲ. ಆರು ಗಂಟೆಯ ಕೆಲಸಕ್ಕೆ ಅರ್ಥ ಇಲ್ಲ. ಹೆಣ್ಣುಮಗು ಶೆಡ್ಡಿಗೆ ಬಂದು ಸ್ಪ್ಯಾನರು ಹಿಡಿಯುವುದಕ್ಕೇ ಅರ್ಥ ಇಲ್ಲ. ಮುಂದಿನ ಭಾನುವಾರ ಅಪ್ಪ ಗೇಟಿನ ಹತ್ತಿರ ನಿಂತು, “ಬರ್ತೀಯೇನೇ?” ಅಂದ. “ಹೋಂವರ್ಕ್ ಇದೆ,” ಅಂದಳು. ಸರಿ ಅಂತ ಒಬ್ಬನೇ ಹೋದ.

*

ಒಳ್ಳೆಯ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಗಳು ವ್ಯಾನಿನೊಳಗೆ ನುಗ್ಗಿದಳು. ಬೆನ್ನು ಸೀಟಿನ ಮೇಲೆ, ತಲೆ ಡ್ಯಾಶ್‌ಬೋರ್ಡಿನ ಕೆಳಗೆ. ಮೂವತ್ತೊಂದು ವರ್ಷದ ಮೇಲೆ ಕೈಗೆ ಸ್ಪ್ಯಾನರು ಬಂದರೂ ಬೆರಳು ತಡವರಿಸಲಿಲ್ಲ. ಬೋಲ್ಟುಗಳನ್ನು ಬಿಚ್ಚಿ ಮತ್ತೆ ಬಿಗಿದಳು. ಬಣ್ಣದವನು ಕಂಡಕಂಡ ಹಾಗೆ ತುರುಕಿದ್ದ ವೈರುಗಳನ್ನು ಎಳೆದು, ನೇರ ಮಾಡಿ, ಸಾಲಾಗಿ ಕಟ್ಟಿದಳು. ಮೈಗೆ ಕಟ್ಟೋದು, ಮೈಗೆ ಕಟ್ಟೋದು ಅಂತ ಬಾಯಲ್ಲೇ ಅಂದುಕೊಳ್ಳುತ್ತಾ ಒಂದೊಂದು ಬೋಲ್ಟಿಗೂ ಇನ್ನರ್ಧ ಸುತ್ತು ಕೊಟ್ಟಳು. ನೋಡಲಿಕ್ಕೆ ಅಚ್ಚುಕಟ್ಟಾಗಿತ್ತು. ಆಚೆ ಬಂದು ಕೈ ಒರೆಸಿಕೊಂಡು, “ಹಾಕಿ ಮಾಮ,” ಅಂದಳು.

ಹನ್ನೆರಡು ಎಂಜಿನ್ನು ಹಾಕಿದ. ಕುಯ್ಯ್ ಅಂತ ಅದೇ ಸದ್ದು, ಒಂದು ಗುಲಗಂಜಿ ಕಡಿಮೆಯಾಗಿರಲಿಲ್ಲ.

ಇಕ್ಕಳ ಇನ್ನು ತಡೆಯಲಾರದೆ ಮುಂದೆ ಬಂದಳು. ಕಿಟಕಿಯಿಂದ ಬಗ್ಗಿ, ಮೀಟರಿನ ಒಂದು ಕಡ್ಡಿ ಸೆಟ್ಟಿಗೆ, ಇನ್ನೊಂದು ಬಾಗಿಲ ಕೀಲಿಗೆ ಹಿಡಿದಳು. ಮುಳ್ಳು ನೋಡಿದಳು.

“ಅಕ್ಕಾ,” ಅಂದಳು ಸಂಕೋಚದಿಂದ, “ಇದಕ್ಕೆ ಅರ್ಥಿಲ್ಲ.”

ಛಟೀರ್ ಅಂತ ಸದ್ದಾದ ಮೇಲೆಯೇ ತಾನು ಹೊಡೆದದ್ದು ಮಗಳಿಗೆ ತಿಳಿದದ್ದು. ಇಕ್ಕಳದ ಕೆನ್ನೆಯ ಮೇಲೆ ನಾಲ್ಕು ಬೆರಳು ಮೂಡಿದ್ದವು. ಹನ್ನೆರಡು ಗಾಬರಿಯಾಗಿ ಎಂಜಿನ್ನು ಆರಿಸಿದ.

“ಅಪ್ಪ ನಿಂಗೆ ಅದನ್ನೂ ಹೇಳಿದ್ರಾ?” ಮಗಳ ದನಿ ಸೀಳಿತು. “ಅದನ್ನೂ ಹೇಳಿದ್ರಾ? ಇಬ್ಬರೂ ಕೂತು ನಗ್ತಿದ್ರಾ ನನ್ನ ನೆನೆಸಿಕೊಂಡು?”

“ಏನನ್ನ ಅಕ್ಕಾ? ನಾನೇನಂದೆ?”

“ನಾಟಕ ಆಡಬೇಡ! ಅದೇ ಮಾತು, ಅದೇ ಧಾಟಿ. ನನ್ನ ಕೆಲಸಕ್ಕೆ ಅರ್ಥ ಇಲ್ಲ ಅಂತ ಅಪ್ಪ ಅಂದಿದ್ದು. ನಿಂಗೆ ಹೇಗೆ ಗೊತ್ತು ಅದು?”

ಇಕ್ಕಳ ಕೆನ್ನೆಯ ಮೇಲೆ ಕೈ ಇಟ್ಟುಕೊಂಡು ಪಿಳಿಪಿಳಿ ನೋಡಿದಳು. ಆಮೇಲೆ ನಿಧಾನವಾಗಿ, “ಅರ್ಥ ಅಲ್ಲ ಅಕ್ಕಾ,” ಅಂದಳು. “ಅರ್ಥ್.”

“ಏನು?”

“ಅರ್ಥ್. ಕರೆಂಟಿನ ಅರ್ಥ್. ಗೋಡೆ ಪ್ಲಗ್ಗಲ್ಲಿ ಮೂರನೇ ತೂತು ಇರುತ್ತಲ್ಲ, ಆ ಅರ್ಥ್. ಬಣ್ಣ ಅಡ್ಡ ಬಂದು ಬಾಡಿಗೆ ಅರ್ಥ್ ಸಿಕ್ಕಿಲ್ಲ ಅಂದೆ.”

“ಬಾಡಿ ಅನ್ನಬೇಡ್ರೇ,” ಮೂಲೆಯಿಂದ ಅಮ್ಮ ಬಿಕ್ಕಿದಳು. “ಬೆಳಿಗ್ಗೆಯಿಂದ ಎಲ್ಲರ ಬಾಯಲ್ಲೂ ಅದೇ. ನನ್ನ ಗಂಡ ಅವರು.”

“ಗಾಡಿ ಬಾಡಿ ಅಮ್ಮಾ. ಗಾಡಿದು.”

ಹನ್ನೆರಡು ವ್ಯಾನಿನಿಂದ ಇಳಿದು ಬಂದ. ನಗಬೇಕೋ ಅಳಬೇಕೋ ಗೊತ್ತಾಗದ ಮುಖ. “ಅದು ಮೇಸ್ತ್ರಿಯ ಮಂತ್ರ ಅಲ್ವೇನಮ್ಮಾ? ದಿನಕ್ಕೆ ನೂರು ಸಲ ಅನ್ನೋನು. ಶೆಡ್ಡಿಗೆ ಗಾಡಿ ಹೋಗೋದೇ ತಡ, ಮುಳ್ಳು ನೋಡೋದು, ‘ಅರ್ಥಿಲ್ಲ’ ಅನ್ನೋದು, ಬಣ್ಣ ಕೆರೆಯೋದು. ನಂಗೆ ಅಂದಿದ್ದಾನೆ, ಇವಳಿಗೆ ಅಂದಿದ್ದಾನೆ. ನಿಂಗೆ ಯಾವಾಗ ಅಂದ?”

ಮಗಳ ಬಾಯಿಂದ ಸಣ್ಣ ಹುಡುಗಿಯ ದನಿ ಬಂತು. “ನಾನು ಒಬ್ಬಳೇ ಮಾಡಿದ್ನಲ್ಲ ಮಾಮ... ಒಂದು ಟ್ಯಾಕ್ಸಿ. ಹಾರ್ನು ಹೊಡೀತಿದ್ರು ಅವರು...”

“ಹಾರ್ನು ಹೊಡೀತಿದ್ದವನು ನಾನೇ ಕಣಮ್ಮಾ!” ಹನ್ನೆರಡು ಎದೆ ಮುಟ್ಟಿಕೊಂಡ. “ನನ್ನ ಗಾಡೀನೇ ಅದು. ಒಂದೇ ಒಂದು ಬೋಲ್ಟು ತೆಗೆದ, ಅದರ ಕೆಳಗೆ ಕೆರೆದ, ಮತ್ತೆ ಹಾಕಿದ. ಮಿಕ್ಕಿದ್ದೇನೂ ಮುಟ್ಟಲಿಲ್ಲ. ‘ವೈರು ನನ್ನ ಮಗಳು ಕಟ್ಟಿದ್ದು, ಹಾಗೇ ಇರಲಿ, ಯಾರೂ ಬಿಚ್ಚಬೇಡಿ’ ಅಂದ. ಆ ಗಾಡಿ ಮಾರೋವರೆಗೂ ಹಾಗೇ ಇತ್ತು. ‘ಕೆರೆಯೋದು ಒಂದು ಹೇಳಿಕೊಟ್ಟಿಲ್ಲ ಅವಳಿಗೆ, ಮುಂದಿನ ಭಾನುವಾರ ಹೇಳಿಕೊಡ್ತೀನಿ’ ಅಂತಿದ್ದ. ಆಮೇಲೆ ನೀನು ಬರಲೇ ಇಲ್ಲ. ಕೇಳಿದ್ರೆ, ‘ಅವಳಿಗೆ ಮನಸ್ಸಿಲ್ಲ ಕಣೋ, ಬಲವಂತ ಮಾಡಬಾರದು’ ಅಂದ.”

ಮಗಳು ವ್ಯಾನಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅರ್ಧ ಅಕ್ಷರ. ಒಂದು ಅರ್ಧ ಅಕ್ಷರ ಕಿವಿಗೆ ಬೀಳದೆ ಹೋಗಿ ಮೂವತ್ತೊಂದು ವರ್ಷ.

“ಮೈಗೆ ಕಟ್ಟೋದು ಅಂತಿದ್ರು ನಂಗೆ,” ಅಂದಳು, ಯಾರಿಗೋ ದೂರು ಹೇಳುವ ಹಾಗೆ. “ಅರ್ಥ್ ಅಂತ ಒಂದು ದಿನ ಅಂದಿರಲಿಲ್ಲ.”

“ಮೈಗೆ ಕಟ್ಟೋದಾ? ಹಾಗಂದ್ರೆ?” ಅಂದಳು ಇಕ್ಕಳ.

ಮಗಳು ತಲೆ ಎತ್ತಿದಳು. ಇಕ್ಕಳಕ್ಕೆ ಆ ಮಾತು ನಿಜವಾಗಿಯೂ ಗೊತ್ತಿರಲಿಲ್ಲ. ಹನ್ನೊಂದು ವರ್ಷ ಒಂದೇ ಸೆಟ್ಟಿಗೆ ಕಿವಿ ಹಚ್ಚಿ ಕೂತವಳಿಗೆ ಅಪ್ಪ ಆ ಮಾತನ್ನು ಒಂದು ಸಲವೂ ಆಡಿರಲಿಲ್ಲ. ಮಗಳಿಗೆ ಒಳಗೊಳಗೇ ಖುಷಿಯಾಯಿತು, ಆ ಖುಷಿಗೆ ನಾಚಿಕೆಯೂ ಆಯಿತು. ಮರುಗಳಿಗೆ ಅದೂ ಉಳಿಯಲಿಲ್ಲ. ಇಷ್ಟು ವರ್ಷ ಹೊಟ್ಟೆಕಿಚ್ಚು ಪಡುವುದಕ್ಕೆ ಎದುರಿಗೆ ಒಬ್ಬಳಾದರೂ ಇದ್ದಳು. ಈಗ ಯಾರ ಮೇಲೆ ಪಡುವುದು? ಆ ಮುಂದಿನ ಭಾನುವಾರ ಹೋಂವರ್ಕ್ ಬದಿಗಿಟ್ಟು ಅಪ್ಪನ ಹಿಂದೆ ಓಡಿಹೋಗಬಹುದಾಗಿದ್ದ ಒಬ್ಬ ಹುಡುಗಿಯ ಮೇಲೆ ಆ ಕಿಚ್ಚು ಬಂತು, ಇದುವರೆಗೆ ಬಾರದಷ್ಟು ಬಂತು. ಅವಳ ಕೆನ್ನೆಗೆ ಹೊಡೆಯುವ ಹಾಗೂ ಇರಲಿಲ್ಲ.

“ಎಲ್ಲಿ ಕೆರೀಬೇಕು, ತೋರಿಸು,” ಅಂದಳು ಎದ್ದು.

“ಅಕ್ಕಾ, ಬಣ್ಣ ಹಾಳಾಗುತ್ತೆ. ನೀವು ಇಷ್ಟು ಆಸೆಯಿಂದ...”

“ತೋರಿಸು ಅಂದೆ.”

ಇಕ್ಕಳ ಚೀಲದಿಂದ ಕೆರೆಯುವ ಅಲಗು ತೆಗೆದು ಕೊಟ್ಟಳು. ಬೋಲ್ಟು ಕೂರುವ ಜಾಗದಲ್ಲಿ ಉಗುರಿನಿಂದ ಒಂದು ಸುತ್ತು ಗೀರಿ, “ಇಷ್ಟಗಲ,” ಅಂದಳು. ಮಗಳು ಕೆರೆದಳು. ಮೊದಲು ಕೆನೆ ಬಣ್ಣ ಸುರುಳಿ ಸುರುಳಿಯಾಗಿ ಎದ್ದಿತು. ಅದರ ಕೆಳಗೆ ಬಣ್ಣದವನು ಮೊದಲು ಬಳಿದ ಕೆಂಪು ಮಣ್ಣಿನಂಥದ್ದೊಂದು, ಅಂಚಿನಲ್ಲಷ್ಟೇ ಹಳೆಯ ನೀಲಿ. ಕೊನೆಗೆ ಬಿಳಿಯ ತಗಡು ಕಂಡಿತು. ಅಲ್ಲಿ ತಗಡಿನ ಮೇಲೆ ಆಗಲೇ ನೂರಾರು ಹಳೆಯ ಗೀರುಗಳಿದ್ದವು, ಎಲ್ಲವೂ ಎಡಗಡೆ ವಾಲಿದವು. ಅಪ್ಪ ಎಡಚ.

“ಸಾಕಾ?”

“ಇನ್ನೂ. ಕನ್ನಡಿ ಥರ ಆಗಬೇಕು ಅನ್ನೋರು.”

ಇಕ್ಕಳ ಹಲ್ಲಿರುವ ವಾಷರು ಕೊಟ್ಟಳು, ಹೆಣೆದ ತಾಮ್ರದ ಪಟ್ಟಿ ಕೊಟ್ಟಳು. ಮಗಳು ಉದ್ದ ಬಿಟ್ಟು ಮಡಿಸಲು ಹೋದರೆ ತಡೆದಳು. “ಗೇಣಿಗಿಂತ ಉದ್ದ ಬೇಡ. ಉದ್ದ ಆದ್ರೆ ಅದೇ ಇನ್ನೊಂದು ಏರಿಯಲ್ ಆಗಿ ಸದ್ದು ಹಿಡಿಯುತ್ತೆ.” ಮಗಳು ಮರುಮಾತಿಲ್ಲದೆ ಕತ್ತರಿಸಿದಳು. ಬಾನೆಟ್ಟಿನ ಕೀಲಿನಲ್ಲಿ ಒಂದು ಪಟ್ಟಿ ಹಾಕಿದರು. ಇಕ್ಕಳ ನೆತ್ತಿ ಹತ್ತಿ ಏರಿಯಲ್ಲಿನ ಬುಡ ಬಿಚ್ಚಿದಳು; ಮಗಳು ಸ್ಟೂಲಿನ ಮೇಲೆ ನಿಂತು ಅದರ ಕೆಳಗಿನ ಬಣ್ಣವನ್ನೂ ಕೆರೆದಳು. ಕೆನೆ ಬಣ್ಣದ ಚೂರುಗಳು ಅವಳ ಕೂದಲ ತುಂಬ ಉದುರಿದವು.

“ಕೆನ್ನೆ ಉರೀತಿದೆ,” ಅಂದಳು ಇಕ್ಕಳ ಮೇಲಿನಿಂದ.

“ಉರೀಲಿ.” ಇನ್ನೆರಡು ಗೀರು ಕೆರೆದು ಮಗಳೇ ಅಂದಳು, “ತಪ್ಪಾಯ್ತು.”

“ನಿಮ್ಮನ್ನ ಕಂಡ್ರೆ ನಂಗೂ ಅಷ್ಟಕ್ಕಷ್ಟೇ ಅಕ್ಕಾ,” ಅಂದಳು ಇಕ್ಕಳ, ಬೋಲ್ಟಿನ ಮೇಲಿನ ಕಣ್ಣು ತೆಗೆಯದೆ. “ನಾನು ಎಷ್ಟು ಚೆನ್ನಾಗಿ ವೈರು ಕಟ್ಟಲಿ, ಬಿಚ್ಚಿ ಹಾಕಿಸೋರು. ‘ನನ್ನ ಮಗಳು ಕಟ್ಟಿದ್ರೆ ಹೊಲಿಗೆ ಹಾಕಿದ ಹಾಗಿರ್ತಿತ್ತು’ ಅನ್ನೋರು. ಬಂದ ಮೊದಲ ದಿನದಿಂದ ಅದೇ ಹಾಡು. ನಾನು ಹುಟ್ಟೋಕೆ ಮುಂಚೆ ಒಬ್ಬ ಸಣ್ಣ ಹುಡುಗಿ ಕಟ್ಟಿದ್ದು ಅಂತ ಇವತ್ತು ಗೊತ್ತಾಯ್ತು. ನಾನು ನೀವೇನೋ ದೊಡ್ಡ ಕೆಲಸಗಾರ್ತಿ ಅಂದುಕೊಂಡು ರಾತ್ರಿ ನಿದ್ದೆಗೆಟ್ಟಿದ್ದೀನಿ.”

“ಅನುಭವಿಸು,” ಅಂದಳು ಮಗಳು. ಹೇಳಿದ ಮೇಲೆ ಮೂಗು ಎಳೆದುಕೊಂಡಳು.

ಹನ್ನೆರಡು ಮತ್ತೆ ಎಂಜಿನ್ನು ಹಾಕಿದ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದ. ಸೆಟ್ಟಿನಿಂದ ಏನೂ ಬರಲಿಲ್ಲ. ಕೆಟ್ಟೇಹೋಯಿತೇನೋ ಅಂತ ಎಲ್ಲರೂ ಬಗ್ಗಿದರು. ಆಗ ಕಂಟ್ರೋಲಮ್ಮ ಪಕ್ಕದಲ್ಲೇ ನಿಂತು ಗಂಟಲು ಸರಿಮಾಡಿಕೊಂಡ ಹಾಗೆ ಕೆಮ್ಮಿದ್ದು ಕೇಳಿಸಿತು.

*

ಪೆಟ್ಟಿಗೆಯನ್ನು ವ್ಯಾನಿನ ಹಿಂಭಾಗಕ್ಕೆ ಏರಿಸಿದರು. ಅಮ್ಮ ಅದರ ಪಕ್ಕದಲ್ಲಿ ಕೂತಳು. ಮುಂದೆ ಹನ್ನೆರಡು, ನಡುವೆ ಇಕ್ಕಳ, ಕಿಟಕಿಯ ಕಡೆ ಮಗಳು. ಇಬ್ಬರೂ ಒಬ್ಬರ ಮೈಗೆ ಒಬ್ಬರು ತಾಗದ ಹಾಗೆ ಬಿಗಿಯಾಗಿ ಕೂತಿದ್ದರು, ಆದರೆ ಸೀಟು ಅಷ್ಟು ಅಗಲ ಇರಲಿಲ್ಲ. ಮೈಕು ಮಗಳ ಕೈಯಲ್ಲಿತ್ತು. ಸೊನ್ನೆ ಹೊರಟಿದೆ, ಸೊನ್ನೆ ಹೊರಟಿದೆ ಅಂತ ಬಾಯಿಪಾಠ ಮಾಡಿಕೊಂಡಳು. ಬಟನ್ ಒತ್ತಿ ಹಿಡಿದಿರುವಷ್ಟು ಹೊತ್ತು ಬೇರೆ ಯಾವ ಗಾಡಿಯೂ ಮಾತಾಡುವಂತಿಲ್ಲ, ಅದಕ್ಕೆ ಹೇಳಿ ಮುಗಿಸಿದ ಕೂಡಲೇ ಬಿಡಬೇಕು ಅಂತ ಇಕ್ಕಳ ಎರಡು ಸಲ ಹೇಳಿದ್ದಳು.

ವ್ಯಾನು ಗೇಟು ದಾಟಿತು.

“ಸೊನ್ನೆ, ಸೊನ್ನೆ, ಸೊನ್ನೆ,” ಅಂದಳು ಕಂಟ್ರೋಲಮ್ಮ. “ಕಂಟ್ರೋಲ್ ಕರೀತಾ ಇದೆ. ಮೇಸ್ತ್ರಿ, ಕೇಳಿಸ್ತಾ?”

ಮಗಳು ಬಟನ್ ಒತ್ತಿದಳು. ಬಾಯಿ ತೆರೆದಳು. ಮೂರು ದಿನದಿಂದ ಎಲ್ಲಿತ್ತೋ, ಮಾತಿನ ಜಾಗಕ್ಕೆ ಅದು ನುಗ್ಗಿ ಬಂತು. ಸೊನ್ನೆ ಅನ್ನುವುದಕ್ಕೂ ದಾರಿ ಬಿಡಲಿಲ್ಲ. ಹೆಬ್ಬೆರಳನ್ನು ತೆಗೆಯದೆ ಮೈಕನ್ನು ಇಕ್ಕಳದ ಬಾಯಿಗೆ ಹಿಡಿದಳು, ನೀನು ಹೇಳು ಅಂತ. ಇಕ್ಕಳ “ಸೊ” ಅಂದಳು. ಅಲ್ಲಿಗೆ ಅವಳದೂ ಕಟ್ಟೆ ಒಡೆಯಿತು. ಹನ್ನೆರಡು ಕಣ್ಣು ರಸ್ತೆಯ ಮೇಲಿಟ್ಟು, ಒಂದನೇ ಗೇರಿನಲ್ಲೇ, ನಿಧಾನವಾಗಿ ಓಡಿಸುತ್ತಿದ್ದ.

ಹೆಬ್ಬೆರಳು ಬಟನ್ನಿನ ಮೇಲೆಯೇ ಇತ್ತು. ಹಿಂದೆ ಸಾಲಾಗಿ ಬರುತ್ತಿದ್ದ ಇಪ್ಪತ್ತೆರಡು ಗಾಡಿಗಳಲ್ಲಿ, ಎಂಜಿನ್ನಿನ ಒಂದು ಸಣ್ಣ ಗುಂಯ್ ಕೂಡ ಇಲ್ಲದೆ, ಹೆಂಗಸೊಬ್ಬಳು ಬಿಕ್ಕಿ ಬಿಕ್ಕಿ ಅಳುವುದು ಕೇಳುತ್ತಿತ್ತು. ಮಗಳೋ ಶಿಷ್ಯೆಯೋ ಯಾವ ಡ್ರೈವರಿಗೂ ಗೊತ್ತಾಗಲಿಲ್ಲ. ಯಾರೂ ಸೆಟ್ಟಿನ ದನಿ ತಗ್ಗಿಸಲಿಲ್ಲ.